ಕೊಳಲಿನಲ್ಲಿ ನಾದಕ್ಕಿಂತ ಗಾಳಿ ಸದ್ದೇ ಜಾಸ್ತಿ. ಎರಡು ವರ್ಷ ಆಯ್ತು, ಏನು ಮಾಡಲಿ?

ಅಡಿಕೆತೋಟ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು, ವಯಸ್ಸು 43. ಎರಡು ವರ್ಷದಿಂದ ಕರ್ನಾಟಕ ಶೈಲಿಯಲ್ಲಿ ಕೊಳಲು ಕಲಿಯುತ್ತಿದ್ದೇನೆ. ವಾರಕ್ಕೆ ಎರಡು ಆನ್‌ಲೈನ್ ಪಾಠ. ಸರಳೆ, ಜಂಟಿ, ಅಲಂಕಾರ ಅಂತ ಮೊದಲ ಸ್ವರಪಾಠಗಳು (ವರಸೆಗಳು) ಎಲ್ಲ ಮುಗಿದು ಈಗ ಪಿಳ್ಳಾರಿ ಗೀತೆ, ಅಂದರೆ ಮೊದಲ ಹಾಡುಗಳ ಪಾಠ, ನಡೆಯುತ್ತಿದೆ. ಕೊಳಲು 5 ಮನೆ ಶ್ರುತಿಯದು.

ಬೆರಳು ತಕ್ಕಮಟ್ಟಿಗೆ ಓಡುತ್ತದೆ. ಎರಡನೇ ಕಾಲದವರೆಗೂ (ಎರಡು ಪಟ್ಟು ವೇಗದವರೆಗೂ) ತಾಳ ತಪ್ಪುವುದಿಲ್ಲ. ಆದರೆ ನಾದವೇ ಇಲ್ಲ. ಸ್ವರದ ಜೊತೆಗೆ ಸುಯ್ ಅಂತ ಗಾಳಿ ಕೇಳುತ್ತದೆ. ಮಂದ್ರದ (ಕೆಳಗಿನ ಸ್ಥಾಯಿಯ) ಪಂಚಮಕ್ಕೆ ಇಳಿದರೆ ಸದ್ದು ಹುಟ್ಟುವುದೇ ಕಷ್ಟ. ತಾರಕ್ಕೆ (ಮೇಲಿನ ಸ್ಥಾಯಿಗೆ) ಹೋದರೆ ಕಿರುಚುತ್ತದೆ. ಗಾಂಧಾರದಿಂದ ಮಧ್ಯಮಕ್ಕೆ ಹೋಗುವಾಗ ಹತ್ತಕ್ಕೆ ಎಂಟು ಸಲ ಸ್ವರ ಒಡೆಯುತ್ತದೆ. ಹತ್ತು ನಿಮಿಷ ಬಿಡದೆ ಊದಿದರೆ ತಲೆ ಸುತ್ತು ಬರುತ್ತದೆ.

ಮೇಷ್ಟ್ರು ಒಳ್ಳೆಯವರು. ಕೇಳಿದರೆ "ಸಾಧನೆ ಮಾಡಿ, ಬರುತ್ತದೆ" ಅನ್ನುತ್ತಾರೆ. ದಿನಾ ಒಂದು ಗಂಟೆ ಮಾಡುತ್ತಲೇ ಇದ್ದೇನೆ. ತಪ್ಪನ್ನೇ ಒಂದು ಗಂಟೆ ಸಾಧನೆ ಮಾಡುತ್ತಿದ್ದೇನೇನೋ ಅಂತ ಭಯ. ಅನುಭವ ಇರುವವರು ದಯವಿಟ್ಟು ದಾರಿ ಹೇಳಿ.

ಬಿದಿರುಮೆಳೆ

ಮೊದಲು ಕೊಳಲು ನೋಡಿ. ಎಲ್ಲಿ ತಗೊಂಡಿದ್ದು?

ಅಡಿಕೆತೋಟ

ಆನ್‌ಲೈನ್ ಅಂಗಡಿಯೊಂದರಿಂದ ಸರ್, 650 ರೂಪಾಯಿ. ಕಳಿಸುವ ಮುಂಚೆ ಶ್ರುತಿ ನೋಡಿದ್ದೇವೆ ಅಂತ ಹಾಕಿದ್ದರು.

ಮೂರನೇಕಾಲ

ಕೊಳಲಿನ ಮೇಲೆ ತಪ್ಪು ಹೊರಿಸಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೊತ್ತಿರುವವರ ಕೈಗೆ ಜಾತ್ರೆ ಕೊಳಲು ಕೊಟ್ಟರೂ ನಾದ ಬರುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ.

ಬಿದಿರುಮೆಳೆ

ಮೂರನೇಕಾಲ ಅವರೇ, ಗೊತ್ತಿರುವವರು ಡೊಂಕು ಕೊಳಲನ್ನು ತುಟಿಯಲ್ಲೇ ಸರಿ ಮಾಡಿಕೊಂಡು ಊದುತ್ತಾರೆ. ಕಲಿಯುವವರಿಗೆ ಅದು ಆಗುವುದಿಲ್ಲ. ಕಲಿಯುವವರಿಗೇ ಒಳ್ಳೆಯ ಕೊಳಲು ಬೇಕಿರುವುದು. ಹದಿನೈದು ವರ್ಷದಿಂದ ನನಗೂ ಗೆಳೆಯರಿಗೂ ಅಂತ ಕೊಳಲು ಮಾಡುತ್ತಾ ಬಂದಿದ್ದೇನೆ. ಅದಕ್ಕೇ ಇಷ್ಟು ಖಡಾಖಂಡಿತ ಹೇಳುತ್ತಿದ್ದೇನೆ.

ಅಡಿಕೆತೋಟ ಅವರೇ, ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಬಿರುಕಿನದು. ಬೆರಳಿನ ತೂತುಗಳಿಗೆಲ್ಲ ಟೇಪ್ ಅಂಟಿಸಿ. ತುದಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ. ಈಗ ಊದುವ ತೂತಿಗೆ ಬಾಯಿ ಇಟ್ಟು ಗಾಳಿ ಒಳಗೆಳೆಯಿರಿ. ತುಟಿ ಕಚ್ಚಿ ಹಿಡಿದ ಹಾಗೆ ನಿಂತರೆ ಕೊಳಲು ಗಟ್ಟಿ. ಗಾಳಿ ಮೆಲ್ಲಗೆ ಬರುತ್ತಲೇ ಇದ್ದರೆ ಎಲ್ಲೋ ಕೂದಲೆಳೆಯ ಬಿರುಕಿದೆ ಅಂತ ಅರ್ಥ. ಕಣ್ಣಿಗೆ ಕಾಣದ ಬಿರುಕು ಮೊದಲು ಕೊಲ್ಲುವುದು ಮಂದ್ರವನ್ನೇ.

ಎರಡನೆಯದು ಸ್ಥಾಯಿಯದು. ಮಧ್ಯ ಷಡ್ಜ ಊದಿ. ಬೆರಳು ಅಲ್ಲೇ ಇಟ್ಟು ತಾರ ಷಡ್ಜ ಊದಿ. ಎರಡೂ ತಂಬೂರಿಗೆ ಕೂಡಬೇಕು. ಮೇಲಿನದು ತಗ್ಗಿದ್ದರೆ ಬಿರಡೆ (ಊದುವ ಕಡೆಯ ತುದಿಯನ್ನು ಒಳಗಿನಿಂದ ಮುಚ್ಚುವ ಬೆಣೆ) ನೋಡಿ. ಊದುವ ತೂತಿನ ನಡುವಿನಿಂದ ಬಿರಡೆಯವರೆಗಿನ ದೂರ ಹೆಚ್ಚುಕಮ್ಮಿ ಕೊಳವೆಯ ಒಳ ಅಗಲದಷ್ಟು ಇರಬೇಕು. ಬಿರಡೆ ಹಿಂದಕ್ಕೆ ಸರಿದಿದ್ದರೆ ಮೇಲಿನ ಸ್ವರಗಳು ತಗ್ಗುತ್ತವೆ. ಅದನ್ನು ಮುಟ್ಟಿಸಲು ನೀವು ಜೋರಾಗಿ ಊದುತ್ತೀರಿ. ಜೋರಾಗಿ ಊದಿದರೆ ಕಿರುಚುತ್ತದೆ.

ಹೊಸಕಲಿಕೆ

ನನ್ನ ಕೊಳಲಿನಲ್ಲಿ ಬಿರಡೆಯೇ ಇಲ್ಲ ಸರ್. ಬಿದಿರಿನ ಗಿಣ್ಣೇ ಇದೆ. ಅದು ಸರಿನಾ?

ಬಿದಿರುಮೆಳೆ

ಸರಿ. ಗಿಣ್ಣು ಸರಿಯಾದ ಜಾಗದಲ್ಲಿ ಬರುವ ಹಾಗೆ ನೋಡಿಕೊಂಡೇ ಊದುವ ತೂತು ಕೊರೆದಿರುತ್ತಾರೆ.

ಶ್ರುತಿಪೆಟ್ಟಿಗೆ

ಕೊಳಲು ಪರೀಕ್ಷೆ ಮಾಡುವುದು ಒಳ್ಳೆಯದೇ. ಆದರೆ ನೀವು ಬರೆದಿದ್ದನ್ನು ನೋಡಿದರೆ ನನಗೆ ತುಟಿಯದ್ದೇ ತೊಂದರೆ ಅನ್ನಿಸುತ್ತದೆ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಕೊಳಲು ಹೇಳಿಕೊಡುತ್ತಿದ್ದೇನೆ. ದೊಡ್ಡವರಾದ ಮೇಲೆ ಕಲಿಯಲು ಬರುವ ಹೆಚ್ಚಿನವರು ಬೆರಳನ್ನು ಬೇಗ ಕಲಿಯುತ್ತಾರೆ, ತುಟಿಯನ್ನು ಕಲಿಯುವುದೇ ಇಲ್ಲ. ಬೆರಳು ಕಣ್ಣಿಗೆ ಕಾಣುತ್ತದೆ, ತುಟಿ ಕಾಣುವುದಿಲ್ಲ. ಅದೇ ಕಾರಣ.

ಕೊಳಲಿನ ಸದ್ದು ಹುಟ್ಟುವುದು ಊದುವ ತೂತಿನ ಆಚೆಯ ಅಂಚಿನಲ್ಲಿ. ನಿಮ್ಮ ಉಸಿರು ತೆಳುವಾದ ಪಟ್ಟಿಯ ಹಾಗೆ ಹೋಗಿ ಆ ಅಂಚಿಗೆ ಬಡಿದು, ಒಮ್ಮೆ ಒಳಗೆ ಒಮ್ಮೆ ಹೊರಗೆ ಬಾಗುತ್ತದೆ. ಆ ಪಟ್ಟಿ ಅಗಲ ಆದರೆ ಅಂಚಿಗೆ ಸಿಗದ ಗಾಳಿಯೆಲ್ಲ ಸುಯ್ ಅನ್ನುತ್ತದೆ. ನಿಮಗೆ ಕೇಳುತ್ತಿರುವುದು ಅದೇ.

ಹಾಗಾದರೆ ತುಟಿ ಹೇಗಿರಬೇಕು? ನಗುವ ಹಾಗೆ ಎಳೆಯಬೇಡಿ. ನಾಲಿಗೆಯ ತುದಿಗೆ ಒಂದು ಅಕ್ಕಿ ನುಚ್ಚು ಅಂಟಿದೆ, ಅದನ್ನು ತ್ಪು ಅಂತ ಹಾರಿಸುತ್ತೀರಿ ಅಂದುಕೊಳ್ಳಿ. ನುಚ್ಚು ಹಾರಿದ ಕ್ಷಣ ತುಟಿ ಎಷ್ಟು ತೆರೆದಿರುತ್ತದೋ ಅಷ್ಟೇ ಸಾಕು. ನನ್ನ ಪಾಠದಲ್ಲಿ ಮಕ್ಕಳ ಕೈಗೆ ನಿಜವಾಗಿಯೂ ನುಚ್ಚು ಕೊಟ್ಟು ಹಿತ್ತಲಲ್ಲಿ ಹಾರಿಸಲು ಹೇಳುತ್ತೇನೆ. ಎರಡು ದಿನದಲ್ಲಿ ತುಟಿಗೆ ಗೊತ್ತಾಗುತ್ತದೆ. ಕೆಳತುಟಿ ಊದುವ ತೂತಿನ ಮೂರರಲ್ಲಿ ಒಂದು ಪಾಲು ಮುಚ್ಚಿರಲಿ, ಅದಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಪರೀಕ್ಷೆ. ಊದುವ ತೂತಿನ ಆಚೆಗೆ, ಅಂಚಿಗೆ ತಾಗುವ ಹಾಗೆ, ಪಾರದರ್ಶಕ ಟೇಪಿನ ಒಂದು ಸಣ್ಣ ತುಂಡು ಅಂಟಿಸಿ. ಕನ್ನಡಿ ಮುಂದೆ ನಿಂತು ಉದ್ದ ಸ್ವರ ಊದಿ. ಟೇಪಿನ ಮೇಲೆ ಉಸಿರಿನ ಹಬೆ ಕೂರುತ್ತದೆ. ಸಣ್ಣ ತ್ರಿಕೋನದ ಹಾಗೆ, ತೂತಿನ ನಡುವಿಗೆ ನೇರವಾಗಿ ಕೂತರೆ ಸರಿ. ಒಂದು ಪಕ್ಕಕ್ಕೆ ಹೋಗಿದ್ದರೆ, ಅಥವಾ ಅಗಲ ಮಚ್ಚೆಯ ಹಾಗೆ ಹರಡಿದ್ದರೆ, ನಿಮ್ಮ ರೋಗ ಅಲ್ಲೇ ಸಿಕ್ಕಿತು.

ಹೊಸಕಲಿಕೆ

ಅಬ್ಬಾ, ಇದನ್ನು ನನಗೆ ಯಾರೂ ಹೇಳೇ ಇರಲಿಲ್ಲ ಮೇಡಂ!

ತುಂಗೆತೀರ

ಮೇಡಂ, ಒಂದು ತಿದ್ದುಪಡಿ. ಎಲ್ಲರಿಗೂ ತ್ರಿಕೋನ ನಡುವಿಗೇ ಬರಬೇಕು ಅಂತಿಲ್ಲ. ಕೆಲವರ ಮೇಲ್ತುಟಿಯ ನಡುವೆ ಹನಿಯ ಹಾಗೆ ಸ್ವಲ್ಪ ಇಳಿದಿರುತ್ತದೆ. ಅಂಥವರು ನಡುವಿನಿಂದ ಊದಲು ಹೋದರೆ ಗಾಳಿ ಎರಡು ಸೀಳಾಗುತ್ತದೆ. ನನ್ನ ತುಟಿ ಹಾಗೇ ಇರುವುದು. ನಡುವಿಗೇ ತರಬೇಕು ಅಂತ ಮೂರು ವರ್ಷ ಗುದ್ದಾಡಿದೆ. ಬಾಯಿಯ ಎಡಪಕ್ಕದಿಂದ ಊದಲು ಶುರು ಮಾಡಿದ ವಾರದಲ್ಲೇ ನಾದ ತಿಳಿಯಾಯಿತು.

ಶ್ರುತಿಪೆಟ್ಟಿಗೆ

ಒಪ್ಪಿದೆ, ನಾನೇ ಹೇಳಬೇಕಿತ್ತು. ತುಟಿಯ ಯಾವ ಜಾಗದಿಂದ ಹೊರಟರೂ ಪರವಾಗಿಲ್ಲ, ಗಾಳಿ ತೂತಿನ ನಡುವಿಗೆ ಹೋಗಿ ಬೀಳಬೇಕು. ಹಾಗಿರುವವರು ಕೊಳಲನ್ನೇ ಪಕ್ಕಕ್ಕೆ ಸರಿಸಿಕೊಳ್ಳಬೇಕು.

ಧಾರವಾಡದಗಾಳಿ

ನೋಡ್ರಿ, ನಾನು ಬಾನ್ಸುರಿ (ಹಿಂದೂಸ್ತಾನಿ ಕೊಳಲು) ಕಡೆಯವ. ನಮ್ಮಲ್ಲಿ ಇದಕ್ಕೆ ಒಂದೇ ಔಷಧ, ಮಂದ್ರ. ಬೆಳಿಗ್ಗೆ ಎದ್ದು, ಚಹಾ ಕುಡಿಯುವ ಮುಂಚೆ, ಕೆಳಗಿನ ಒಂದೇ ಸ್ವರ ಹಿಡಿದು ಇಪ್ಪತ್ತು ನಿಮಿಷ. ಬೆರಳು ಆಡಿಸಬಾರದು. ಉಸಿರು ಮುಗಿಯಿತಾ, ತಗೊಳ್ಳಿ, ಮತ್ತೆ ಅದೇ ಸ್ವರ. ಮಂದ್ರದಾಗ ಜೋರು ಮಾಡಿದರೆ ಸ್ವರ ಮೇಲಕ್ಕೆ ಹಾರಿಬಿಡುತ್ತದೆ. ಅದಕ್ಕೇ ಮಂದ್ರ ನಿಮಗೆ ತಾಳ್ಮೆ ಕಲಿಸುತ್ತದೆ. ಅಲ್ಲಿ ನಾದ ಕೂತರೆ ಮೇಲಿನದು ತಾನೇ ಬರುತ್ತದೆ ರೀ.

ಪನ್ನಾಲಾಲ್ ಘೋಷ್ (1911-1960) ಸುಮಾರು 32 ಇಂಚಿನ ಉದ್ದ ಕೊಳಲು ಹಿಡಿದು ನಿಂತಿದ್ದೇ ಈ ಮಂದ್ರದ ಗಾಂಭೀರ್ಯಕ್ಕಾಗಿ. ಅದಕ್ಕೂ ಮುಂಚೆ ಕೊಳಲು ಅಂದರೆ ಸಣ್ಣದು, ಚುರುಕಿನದು ಅಂತಲೇ ಜನ ತಿಳಿದಿದ್ದರು.

ಮೂರನೇಕಾಲ

ಕರ್ನಾಟಕ ಶೈಲಿಯವರಿಗೆ ಇಪ್ಪತ್ತು ನಿಮಿಷ ಒಂದೇ ಸ್ವರ ಯಾಕೆ? ನಮ್ಮದು ವರಸೆಗಳ ಸಂಪ್ರದಾಯ. ಮೂರು ಕಾಲದಲ್ಲಿ ಅಲಂಕಾರ ಊದಿದರೆ ನಾದವೂ ಬರುತ್ತದೆ, ಬೆರಳೂ ಬರುತ್ತದೆ. ಉದ್ದ ಕೊಳಲು, ಮಂದ್ರ ಎಲ್ಲ ಹಿಂದೂಸ್ತಾನಿಯವರ ವಿಷಯ.

ಹಳೇರೇಡಿಯೊ

ಅದು ಸರಿಯಲ್ಲ. ಉದ್ದ ಕೊಳಲನ್ನು ಕರ್ನಾಟಕ ಕಛೇರಿಗೂ ತಂದವರು ಎನ್. ರಮಣಿ. ಅವರು ಮಾಲಿಯವರ ಶಿಷ್ಯರು. ಮಾಲಿಯವರು (ಟಿ. ಆರ್. ಮಹಾಲಿಂಗಂ, 1926-1986) ಕೊಳಲು ಹಿಡಿಯುವ ರೀತಿಯನ್ನೂ ಬೆರಳಿನ ಕ್ರಮವನ್ನೂ ಬದಲಿಸಿದ್ದೇ ಹಾಡುವ ಗಂಟಲಿನ ಹಾಗೆ ಸ್ವರ ಎಳೆಯಬೇಕು ಅಂತ. ಅವರ ಹಳೆಯ ಧ್ವನಿಮುದ್ರಣ ಕೇಳಿ. ಒಂದು ಸ್ವರವನ್ನು ಎಷ್ಟು ಹೊತ್ತು ಬೇಕಾದರೂ ಬಿಡದೆ ನಿಲ್ಲಿಸುತ್ತಾರೆ. ಉದ್ದ ಸ್ವರ ನಮ್ಮದಲ್ಲ ಅನ್ನುವುದು ಹೇಗೆ?

ಮೂರನೇಕಾಲ

ಮಾಲಿ ಬಾಲ್ಯದಲ್ಲೇ ವಿದ್ವಾಂಸರು. ಅವರನ್ನು 43ರಲ್ಲಿ ಕಲಿಯುವವರಿಗೆ ಹೋಲಿಸಬೇಡಿ.

ಹಳೇರೇಡಿಯೊ

ಯಾರನ್ನೂ ಯಾರಿಗೂ ಹೋಲಿಸುತ್ತಿಲ್ಲ. ನಾದ ಹೇಗಿರಬೇಕು ಅಂತ ಕಿವಿಗೆ ಗೊತ್ತಿರಬೇಕು ಅಂತಿದ್ದೇನೆ. ಕಿವಿಗೆ ಗೊತ್ತಿಲ್ಲದ್ದನ್ನು ತುಟಿ ಹುಡುಕುವುದು ಹೇಗೆ? ಶರಭ ಶಾಸ್ತ್ರಿಗಳ ಶಿಷ್ಯರಾದ ಪಲ್ಲಡಂ ಸಂಜೀವರಾಯರನ್ನು ಕೇಳಿ, ಆಮೇಲೆ ಮಾಲಿಯವರನ್ನು ಕೇಳಿ, ನಮ್ಮ ರುದ್ರಪಟ್ಟಣದಲ್ಲಿ ಹುಟ್ಟಿದ ಶಶಾಂಕ್ ಅವರನ್ನು ಕೇಳಿ. ಮೂವರ ನಾದವೂ ಬೇರೆ ಬೇರೆ. ನಿಮಗೆ ಯಾವುದು ಬೇಕು ಅಂತ ಮೊದಲು ಕಿವಿ ತೀರ್ಮಾನಿಸಲಿ.

ಗಮಕಪ್ರಿಯೆ

ರುದ್ರಪಟ್ಟಣ ನನ್ನ ಅಜ್ಜಿಯ ಊರಿನ ಪಕ್ಕವೇ! ಕಾವೇರಿ ದಡದ ಆ ಊರಿನ ಬೀದಿಯಲ್ಲಿ ನಡೆದರೆ ಎರಡು ಮನೆಗೊಂದು ಮನೆಯಲ್ಲಿ ಸಂಗೀತ ಕೇಳುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದರು.

ಅಡಿಕೆತೋಟ

ಎಲ್ಲರಿಗೂ ತುಂಬ ಧನ್ಯವಾದ. ರಾತ್ರಿಯೇ ಟೇಪ್ ಅಂಟಿಸಿ ನೋಡಿದೆ. ಹಬೆ ತ್ರಿಕೋನ ಅಲ್ಲವೇ ಅಲ್ಲ. ಅವರೆಕಾಳಿನಷ್ಟು ಅಗಲ ಮಚ್ಚೆ, ಅದೂ ಬಲಕ್ಕೆ ವಾಲಿದೆ. ಎರಡು ವರ್ಷ ಅರ್ಧ ಉಸಿರು ಹೊರಗೇ ಹೋಗುತ್ತಿತ್ತು ಅಂತಾಯಿತು. ಕೊಳಲನ್ನು ಒಂದು ನೂಲಿನಷ್ಟು ಸರಿಸಿದೆ. ಆಗ ಒಂದೇ ಒಂದು ಸಲ, ಒಂದೆರಡು ಸೆಕೆಂಡು, ಷಡ್ಜ ಬೇರೆಯೇ ಥರ ಕೇಳಿತು. ಕೊಳಲಿನ ಮೈಯೆಲ್ಲ ಬೆರಳಿಗೆ ನಡುಗಿದ ಹಾಗೆ. ಮತ್ತೆ ಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ.

ಇನ್ನೂ ಊದುತ್ತಿದ್ದೆ. ಅಷ್ಟರಲ್ಲಿ ಅಮ್ಮ ಬಂದು, ದೀಪ ಹಚ್ಚಿದ ಮೇಲೆ ಕೊಳಲು ಊದಿದರೆ ಹಾವು ಬರುತ್ತದೆ ಅಂತ ನಿಲ್ಲಿಸಿಬಿಟ್ಟರು.

ತುಂಗೆತೀರ

ನಮ್ಮ ಮನೆಯಲ್ಲೂ ಅದೇ ಮಾತು. ಶಿಳ್ಳೆ ಹಾಕಿದರೂ ಬೈಗುಳ.

ಲ್ಯಾಬ್‌ಮೇಷ್ಟ್ರು

ಹಾವಿಗೆ ಹೊರಗಿವಿ ಇಲ್ಲ. ನೆಲದ ಕಂಪನವನ್ನೇ ಅದು ಚೆನ್ನಾಗಿ ಗ್ರಹಿಸುವುದು. ಕೊಳಲಿನ ಎತ್ತರದ ಸ್ವರ ಕೇಳಿ ತೋಟದಿಂದ ಹೊರಟು ಬರುವುದಿಲ್ಲ. ಅಮ್ಮನವರಿಗೆ ಹೇಳಿ.

ಅಡಿಕೆತೋಟ

ಹೇಳುತ್ತೇನೆ ಸರ್. ಆದರೆ ಅವರಿಗೆ 76. ಬೆಳಿಗ್ಗೆ ಬೇಗ ಏಳುವುದೇ ಸುಲಭ ಅನ್ನಿಸುತ್ತದೆ.

ಧಾರವಾಡದಗಾಳಿ

ಒಳ್ಳೆಯದೇ ಆತು ನೋಡ್ರಿ. ಆ ಎರಡು ಸೆಕೆಂಡು ಸಿಕ್ಕಿತಲ್ಲ, ಅದೇ ದೊಡ್ಡದು. ನಾಳೆ ಬೆಳಿಗ್ಗೆ ಅದನ್ನೇ ಹುಡುಕಿ, ಬೇರೆ ಏನೂ ಮಾಡಬೇಡಿ.

ಪುಟ್ಟಿಯಅಪ್ಪ

ತಲೆ ಸುತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ಅಗಲ ತುಟಿಯಿಂದ ಊದಿದರೆ ಉಸಿರು ಬೇಗ ಬೇಗ ಖಾಲಿ ಆಗುತ್ತದೆ, ಬೇಗ ಬೇಗ ತುಂಬಿಕೊಳ್ಳುತ್ತೀರಿ. ಅದಕ್ಕೇ ತಲೆ ಹಗುರ ಆಗುವುದು. ಸುತ್ತು ಬಂದ ಕೂಡಲೇ ಕೊಳಲು ಕೆಳಗಿಟ್ಟು ಕೂತುಬಿಡಿ, ಹಟ ಮಾಡಬೇಡಿ. ತುಟಿ ಸಣ್ಣದಾದರೆ ಇದೂ ಕಡಿಮೆ ಆಗುತ್ತದೆ. ನನ್ನ ಮಗಳಿಗೆ ಹಾಗೇ ಆಯಿತು. ತುಟಿ ಸರಿ ಆದ ಮೇಲೂ ಬರುತ್ತಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಉಸಿರು ಎಳೆದುಕೊಳ್ಳುವಾಗ ಭುಜ ಏಳಬಾರದು, ಹೊಟ್ಟೆ ಪಕ್ಕೆ ಅರಳಬೇಕು.

ಶ್ರುತಿಪೆಟ್ಟಿಗೆ

ಗ-ಮ ಒಡೆಯುವುದರ ಬಗ್ಗೆ ಹೇಳುತ್ತೇನೆ. ಇದು ಕರ್ನಾಟಕ ಕೊಳಲಿನಲ್ಲಿ ಎಲ್ಲರಿಗೂ ಕಾಡುವ ಜಾಗ. ನಮ್ಮಲ್ಲಿ ಷಡ್ಜಕ್ಕೆ ಮೇಲಿನ ಎರಡು ತೂತು ಮುಚ್ಚುತ್ತೇವೆ. ಅಂತರ ಗಾಂಧಾರಕ್ಕೆ ಎಲ್ಲ ತೆರೆದಿರುತ್ತದೆ. ಅದರ ಮುಂದಿನ ಶುದ್ಧ ಮಧ್ಯಮಕ್ಕೆ ಆರೂ ಬೆರಳು ಒಟ್ಟಿಗೆ ಬಂದು ಕೂರಬೇಕು. ಅದೇ ಕ್ಷಣದಲ್ಲಿ ತುಟಿಯೂ ಮೇಲಿನ ಸ್ಥಾಯಿಗೆ ಬದಲಾಗಬೇಕು. ಎರಡು ಕೆಲಸ ಒಂದೇ ಹೊತ್ತಿಗೆ. ಆರರಲ್ಲಿ ಒಂದು ಬೆರಳು ಕೂದಲಷ್ಟು ಸೋರಿದರೂ ಸ್ವರ ಒಡೆಯುತ್ತದೆ.

ಮಧ್ಯಮಕ್ಕೆ ಬೆರಳಿಟ್ಟು ಹತ್ತು ಸೆಕೆಂಡು ಒತ್ತಿ ಹಿಡಿದು, ಕೈ ತೆಗೆದು ಬೆರಳು ನೋಡಿ. ತೂತಿನ ಅಂಚು ಚರ್ಮದ ಮೇಲೆ ಉಂಗುರದ ಗುರುತು ಬಿಟ್ಟಿರುತ್ತದೆ. ಎಲ್ಲ ಬೆರಳಿನ ಮೇಲೂ ಪೂರ್ತಿ ಉಂಗುರ ಇದೆಯಾ? ಹೆಚ್ಚಿನವರಿಗೆ ಬಲಗೈ ಉಂಗುರದ ಬೆರಳಿನಲ್ಲಿ ಮುಕ್ಕಾಲು ಉಂಗುರ ಮಾತ್ರ ಇರುತ್ತದೆ. ಸೋರುತ್ತಿರುವುದು ಅಲ್ಲೇ. ಬೆರಳಿನ ತುದಿಯಿಂದ ಮುಚ್ಚಬೇಡಿ, ತುದಿಯ ಕೆಳಗಿನ ಮೆತ್ತನೆಯ ಭಾಗದಿಂದ ಮುಚ್ಚಿ. ಗುರುತು ನೋಡಲು ಮಾತ್ರ ಒತ್ತಿ, ಊದುವಾಗ ಒತ್ತಬೇಡಿ. ಒತ್ತಿದರೆ ಬೆರಳು ಏಳುವುದು ತಡ ಆಗುತ್ತದೆ.

ಲ್ಯಾಬ್‌ಮೇಷ್ಟ್ರು

ಇಲ್ಲೊಂದು ಪ್ರಶ್ನೆ ಏಳುತ್ತದೆ ಮೇಡಂ. ಕರ್ನಾಟಕ ಕೊಳಲಿನಲ್ಲಿ ಬೆರಳನ್ನು ಒಂದೊಂದಾಗಿ ಪೂರ್ತಿ ಎತ್ತುತ್ತಾ ಹೋದರೆ ಬರುವುದು ಹರಿಕಾಂಭೋಜಿ ರಾಗದ ಸ್ವರಗಳು. ಆದರೆ ನಾವು ಶುರು ಮಾಡುವುದು ಮಾಯಾಮಾಳವಗೌಳ ರಾಗದಿಂದ. ಅದರಲ್ಲಿ ರಿ, ದ, ನಿ ಮೂರಕ್ಕೂ ಅರ್ಧ ತೂತು (ತೂತನ್ನು ಅರ್ಧ ಮಾತ್ರ ಮುಚ್ಚುವುದು) ಬೇಕು. ತುಟಿಯೇ ಕೂರದವರಿಗೆ ಮೊದಲ ದಿನವೇ ಅರ್ಧ ತೂತು ಯಾಕೆ? ಮೂರು ತಿಂಗಳು ಹರಿಕಾಂಭೋಜಿಯಲ್ಲಿ ಊದಿಸಿ ಆಮೇಲೆ ಬದಲಿಸಬಾರದಾ?

ಮೂರನೇಕಾಲ

ಪುರಂದರದಾಸರ ಕಾಲದಿಂದ ನಡೆದುಬಂದ ಪಾಠ ಅದು. ಸುಮ್ನೆ ಬದಲಿಸೋದಾ?

ಲ್ಯಾಬ್‌ಮೇಷ್ಟ್ರು

ದಾಸರ ಮೇಲೆ ನನಗೂ ಅಷ್ಟೇ ಭಕ್ತಿ. ಆದರೆ ಆ ಪಾಠ ಗಂಟಲಿಗೆ ಮಾಡಿದ್ದು. ಗಂಟಲಿಗೆ ಅರ್ಧ ತೂತಿನ ಕಷ್ಟ ಇಲ್ಲ.

ಗಮಕಪ್ರಿಯೆ

ಮಾಯಾಮಾಳವಗೌಳದ ಅನುಕೂಲವನ್ನೂ ನೋಡಿ. ಸ-ರಿ ಹತ್ತಿರ, ರಿ-ಗ ದೂರ, ಗ-ಮ ಹತ್ತಿರ. ಮೇಲಿನ ಅರ್ಧದಲ್ಲೂ ಪ-ದ-ನಿ-ಸ ಅದೇ ಅಳತೆ. ಕಿವಿ ಬೇಗ ಹಿಡಿಯುತ್ತದೆ. ನಾನು ಹಾಡು ಕಲಿತು ಆಮೇಲೆ ಕೊಳಲಿಗೆ ಬಂದವಳು. ಕಿವಿಯಲ್ಲಿ ಸ್ವರ ಕೂತಿದ್ದರಿಂದ ಅರ್ಧ ತೂತು ಕಷ್ಟ ಆಗಲಿಲ್ಲ.

ಶ್ರುತಿಪೆಟ್ಟಿಗೆ

ನಾನು ಎರಡೂ ಮಾಡಿ ನೋಡಿದ್ದೇನೆ. ಹಾಡಲು ಬರುವ ಮಕ್ಕಳಿಗೆ ಮಾಯಾಮಾಳವಗೌಳದಿಂದಲೇ ಶುರು. ಹಾಡಲು ಬಾರದವರಿಗೆ, ಅದರಲ್ಲೂ ದೊಡ್ಡವರಿಗೆ, ಮೊದಲ ಎರಡು ಮೂರು ತಿಂಗಳು ಹರಿಕಾಂಭೋಜಿ. ನನ್ನ ಗುರುಗಳು ಇದನ್ನು ಒಪ್ಪುತ್ತಿರಲಿಲ್ಲ. ಆದರೂ ನನ್ನ ಅನುಭವ ಇದೇ. ತುಟಿ ಸರಿ ಇದೆಯಾ ಅಂತ ತಿಳಿಯಬೇಕಾದರೆ ಪೂರ್ತಿ ತೆರೆದ ಸ್ವರ ಬೇಕು. ಅರ್ಧ ತೂತಿನ ಸ್ವರ ಮಸುಕಾಗಿಯೇ ಇರುತ್ತದೆ. ತಪ್ಪು ತುಟಿಯದ್ದೋ ಬೆರಳಿನದ್ದೋ ಗೊತ್ತಾಗುವುದಿಲ್ಲ.

ಮತ್ತೆ ಎಲ್ಲರೂ ದಿನಾ ಹಾಡಿ. ಊದುವ ಮುಂಚೆ ಆ ಸಾಲನ್ನು ಬಾಯಲ್ಲಿ ಹಾಡಿ, ಆಮೇಲೆ ಊದಿ.

ದೂರದೇಶಿ

ನ್ಯೂಜೆರ್ಸಿಯಿಂದ. ನನ್ನದೂ ಇದೇ ಕಥೆ, ಮಗನ ಜೊತೆ ನಾನೂ ಆನ್‌ಲೈನ್ ಕಲಿಯುತ್ತಿದ್ದೇನೆ. ಎರಡು ವಿಷಯ ಹೇಳಬೇಕು.

ಒಂದು, ವೀಡಿಯೊ ಕರೆಯಲ್ಲಿ ಹಿನ್ನೆಲೆ ಗದ್ದಲ ತೆಗೆಯುವ ವ್ಯವಸ್ಥೆ ತಾನಾಗಿಯೇ ಓಡುತ್ತಿರುತ್ತದೆ. ಅದು ಮನುಷ್ಯರ ಮಾತನ್ನು ಉಳಿಸಿ ಬೇರೆ ಸದ್ದನ್ನು ಅಳಿಸಲು ಮಾಡಿದ್ದು. ಕೊಳಲಿನ ಉದ್ದ ಸ್ವರವನ್ನು ಅದು ಫ್ಯಾನ್ ಸದ್ದು ಅಂತ ತಿಳಿದು ತಿಂದುಬಿಡುತ್ತದೆ. ನಮ್ಮ ಮೇಷ್ಟ್ರಿಗೆ ಆರು ತಿಂಗಳು ಮಗನ ಉದ್ದ ಸ್ವರ ಕೇಳಿಯೇ ಇರಲಿಲ್ಲ, "ಮಧ್ಯೆ ಯಾಕೆ ನಿಲ್ಲಿಸುತ್ತೀಯಪ್ಪಾ" ಅಂತ ಕೇಳುತ್ತಿದ್ದರು. ಝೂಮ್‌ನಲ್ಲಿ ಮೂಲ ಧ್ವನಿ ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ಅಡಿಕೆತೋಟ ಅವರ ಗಾಳಿ ಸದ್ದು ಮೇಷ್ಟ್ರಿಗೆ ಕೇಳಿಸದೇ ಇರುವುದಕ್ಕೂ ಇದೇ ಕಾರಣ ಇರಬಹುದು.

ಎರಡು, ಚಳಿಗಾಲದಲ್ಲಿ ಇಲ್ಲಿ ಮನೆಯೊಳಗೆ ಹೀಟರ್ ಹಾಕುತ್ತೇವೆ, ಗಾಳಿ ಒಣಗಿ ಬಿದಿರು ಸೀಳುತ್ತದೆ. ಊರಿನಿಂದ ತಂದ ಕೊಳಲು ಮೊದಲ ಜನವರಿಯಲ್ಲೇ ಟಕ್ ಅಂತ ಸೀಳಿತು. ನಿದ್ದೆಯಿಂದ ಎದ್ದು ಕೂತೆ. ಈಗ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತೇನೆ. ಒಳಗೆ ತೂತು ಮಾಡಿದ ಸಣ್ಣ ಡಬ್ಬಿಯಲ್ಲಿ ಒದ್ದೆ ಹತ್ತಿ ಇರುತ್ತದೆ.

ಬಿದಿರುಮೆಳೆ

ಬಿದಿರಿಗೆ ತಾಗದ ಹಾಗೆ ಇಡಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಸಾಗರದವರಿಗೆ ತದ್ವಿರುದ್ಧ ಸಲಹೆ. ಮಳೆಗಾಲದಲ್ಲಿ ಮುಚ್ಚಿದ ಚೀಲದಲ್ಲಿ ಇಡಬೇಡಿ. ಊದಿದ ಮೇಲೆ ಕೋಲಿಗೆ ಬಟ್ಟೆ ಸುತ್ತಿ ಒಳಗೆ ಒರೆಸಿ. ಒಣ ಕಾಲದಲ್ಲಿ ಆಗೀಗ ಒಳಗೆ ಎಣ್ಣೆಯ ತೆಳು ಪದರ ಸವರಿ, ಊದುವ ಅಂಚಿಗೆ ಎಣ್ಣೆ ನಿಲ್ಲಬಾರದು. ಸೀಳಿದ ಕೊಳಲನ್ನು ಎಸೆಯಬೇಡಿ ದೂರದೇಶಿ ಅವರೇ. ಸೀಳಿಗೆ ಅಂಟು ತುಂಬಿ ದಾರ ಬಿಗಿಯಾಗಿ ಸುತ್ತಿದರೆ ಎಷ್ಟೋ ಸಲ ಮತ್ತೆ ಹಾಡುತ್ತದೆ.

ಹೊಸಕಲಿಕೆ

ನನ್ನ ಕೊಳಲು ಬೆಳಿಗ್ಗೆ ಒಂದು ಶ್ರುತಿ, ಮಧ್ಯಾಹ್ನ ಒಂದು ಶ್ರುತಿ. ಬಿದಿರು ಹಿಗ್ಗುತ್ತಾ?

ಲ್ಯಾಬ್‌ಮೇಷ್ಟ್ರು

ಬಿದಿರಲ್ಲ, ಒಳಗಿನ ಗಾಳಿ. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ. ಅದಕ್ಕೇ ಶ್ರುತಿ ಏರುತ್ತದೆ. ಒಂದು ಡಿಗ್ರಿಗೆ ಸುಮಾರು 3 ಸೆಂಟ್. ಬೆಳಿಗ್ಗೆ 18 ಡಿಗ್ರಿ, ಮಧ್ಯಾಹ್ನ 30 ಇದ್ದರೆ ಸುಮಾರು 35 ಸೆಂಟ್ ವ್ಯತ್ಯಾಸ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವೆ ಇರುವುದೇ 100 ಸೆಂಟ್, ಅಂದರೆ ಮೂರನೇ ಒಂದು ಪಾಲು. ಊದುವ ಮುಂಚೆ ತೂತೆಲ್ಲ ಮುಚ್ಚಿ, ಒಳಗೆ ಬೆಚ್ಚನೆಯ ಉಸಿರು ಬಿಟ್ಟು ಕೊಳಲನ್ನು ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ತಂಬೂರಿ ಹಾಕಿ.

ಗಮಕಪ್ರಿಯೆ

ಜಂಟಿ ವರಸೆಗೆ ನಾಲಿಗೆಯಿಂದ ತು-ತು ಅನ್ನಬೇಕಾ, ಬೆರಳಿನಿಂದ ತಟ್ಟಬೇಕಾ? ನಮ್ಮ ಪಾಠದಲ್ಲಿ ನಾಲಿಗೆ ಬೇಡವೇ ಬೇಡ ಅನ್ನುತ್ತಾರೆ.

ಹಳೇರೇಡಿಯೊ

ಎರಡೂ ಬರಬೇಕು. ಕೃತಿಗೆ ಸಾಹಿತ್ಯ ಇದೆ, ಅಕ್ಷರ ಎಲ್ಲಿ ಬೀಳುತ್ತದೋ ಅಲ್ಲಿ ನಾಲಿಗೆ ಮೆಲ್ಲಗೆ ತಾಗಲಿ. ಉಳಿದ ಕಡೆ ಎಳೆತ. ಪ್ರತಿ ಸ್ವರಕ್ಕೂ ತು ಅಂದರೆ ಮಾತು ತೊದಲಿದ ಹಾಗೆ ಕೇಳುತ್ತದೆ. ಎಲ್ಲೂ ಅನ್ನದಿದ್ದರೆ ಪದವೇ ತಿಳಿಯುವುದಿಲ್ಲ.

ಶ್ರುತಿಪೆಟ್ಟಿಗೆ

ಸರಿಯಾಗಿ ಹೇಳಿದಿರಿ ಸರ್.

ಅಡಿಕೆತೋಟ (ಮೂರು ವಾರದ ನಂತರ)

ವರದಿ ಒಪ್ಪಿಸಲು ಬಂದಿದ್ದೇನೆ.

ಬಿರುಕಿನ ಪರೀಕ್ಷೆಯಲ್ಲಿ ಕೊಳಲು ಗಟ್ಟಿ ಅಂತ ಬಂತು. ತಾರ ಷಡ್ಜ ಸ್ವಲ್ಪ ತಗ್ಗಿತ್ತು. ಬಿದಿರುಮೆಳೆ ಸರ್ ಹೇಳಿದ ಅಳತೆ ನೋಡಿ, ಬಿರಡೆಯನ್ನು ಹಿಂದಿನಿಂದ ಪೆನ್ಸಿಲಿನಲ್ಲಿ 2 ಮಿಲಿಮೀಟರ್ ಒಳಗೆ ತಳ್ಳಿದೆ. ಕೂಡಿತು. ಮಧ್ಯಮದಲ್ಲಿ ಸೋರುತ್ತಿದ್ದದ್ದು ಮೇಡಂ ಹೇಳಿದ ಬೆರಳೇ, ಬಲಗೈ ಉಂಗುರದ ಬೆರಳು. ಗುರುತು ಮುಕ್ಕಾಲು ಚಂದ್ರನ ಹಾಗಿತ್ತು. ಹೆಬ್ಬೆರಳನ್ನು ತುಸು ಕೆಳಗೆ ಸರಿಸಿದ ಮೇಲೆ ಪೂರ್ತಿ ಉಂಗುರ ಬಂತು. ಹತ್ತಕ್ಕೆ ಎಂಟು ಸಲ ಒಡೆಯುತ್ತಿದ್ದದ್ದು ಈಗ ಮೂರು ನಾಲ್ಕು ಸಲ.

ಬೆಳಿಗ್ಗೆ ಐದೂವರೆಗೆ ಹಿಂದಿನ ಜಗುಲಿಯಲ್ಲಿ ಕೂರುತ್ತೇನೆ. ಮೊದಲ ಹತ್ತು ದಿನ ವರಸೆ ಮುಟ್ಟಲಿಲ್ಲ, ಬರೀ ಷಡ್ಜ ಮತ್ತು ಅದರ ಕೆಳಗಿನ ನಿಷಾದ. ಹನ್ನೊಂದನೇ ದಿನ ಮಂದ್ರ ಪಂಚಮ ಬಂತು. ಜೋರಾಗಿ ಅಲ್ಲ. ಊದುವುದನ್ನು ಅರ್ಧಕ್ಕಿಂತ ಕಡಿಮೆ ಮಾಡಿದಾಗ ಬಂತು. ಇಷ್ಟು ದಿನ ಅದು ಬಾರದೇ ಇದ್ದದ್ದು ನಾನು ತಳ್ಳುತ್ತಿದ್ದದ್ದಕ್ಕೇ. ಹಬೆ ಈಗ ಹುರುಳಿಕಾಳಿನಷ್ಟಿದೆ. ತಲೆ ಸುತ್ತು ಪೂರ್ತಿ ನಿಂತಿದೆ. ಮೂಲ ಧ್ವನಿ ಆಯ್ಕೆ ಹಾಕಿದ ದಿನ ಮೇಷ್ಟ್ರು, "ಇದೇನು, ಇಷ್ಟು ದಿನ ಇಷ್ಟು ಗಾಳಿ ಇತ್ತಾ?" ಅಂದರು. ಅವರಿಗೆ ನಿಜವಾಗಿಯೂ ಕೇಳಿಸಿರಲೇ ಇಲ್ಲ. ಈಗ ಅವರೂ ಪ್ರತಿ ಪಾಠದ ಮೊದಲ ಐದು ನಿಮಿಷ ಉದ್ದ ಸ್ವರವನ್ನೇ ಊದಿಸುತ್ತಾರೆ.

ತಾರ ಸ್ಥಾಯಿ ಇನ್ನೂ ಕಿರುಚುತ್ತದೆ. ಅದಕ್ಕೇನು ಮಾಡಲಿ?

ಶ್ರುತಿಪೆಟ್ಟಿಗೆ

ತುಂಬ ಸಂತೋಷ ಆಯಿತು. ತಾರಕ್ಕೆ ಆತುರ ಬೇಡ. ಉಸಿರಿನ ಜೋರು ಹೆಚ್ಚಿಸಬೇಡಿ, ತುಟಿಯ ತೆರೆವು ಇನ್ನೂ ಸಣ್ಣದು ಮಾಡಿ. ನೀರಿನ ಪೈಪಿನ ಬಾಯಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದಾಗ ನೀರು ದೂರ ಚಿಮ್ಮುತ್ತದಲ್ಲ, ನೀವು ತೋಟದವರು, ನಿಮಗೆ ಗೊತ್ತೇ ಇದೆ. ನಲ್ಲಿ ತಿರುಗಿಸಬೇಕಿಲ್ಲ. ಮಧ್ಯ ಷಡ್ಜ ಮೆಲ್ಲಗೆ ಊದುತ್ತಾ ಬೆರಳು ಬದಲಿಸದೆ, ಬರೀ ತುಟಿಯಿಂದ ತಾರ ಷಡ್ಜಕ್ಕೆ ಹೋಗಿ, ಮತ್ತೆ ಇಳಿಯಿರಿ. ದಿನಕ್ಕೆ ಹತ್ತೇ ಸಲ.

ಮೂರನೇಕಾಲ

ಅಡಿಕೆತೋಟ ಅವರೇ, ಮೊದಲು ನಾನು ಹೇಳಿದ ಗಾದೆ ಸ್ವಲ್ಪ ಒರಟಾಯಿತು, ಕ್ಷಮಿಸಿ. ಉದ್ದ ಸ್ವರ ನಾನೂ ಒಂದು ವಾರದಿಂದ ಮಾಡುತ್ತಿದ್ದೇನೆ. ಮೂರನೇ ಕಾಲದಲ್ಲಿ ದ-ನಿ ಮೊದಲಿಗಿಂತ ಬಿಡಿಸಿ ಕೇಳುತ್ತಿದೆ. ಆದರೂ ಇಪ್ಪತ್ತು ನಿಮಿಷ ಜಾಸ್ತಿ, ಹತ್ತು ಸಾಕು ಅಂತಲೇ ನನ್ನ ಅಭಿಪ್ರಾಯ.

ಧಾರವಾಡದಗಾಳಿ

ಹತ್ತರಿಂದ ಶುರು ಮಾಡ್ರಿ, ಇಪ್ಪತ್ತು ತಾನೇ ಆಗುತ್ತದೆ.

ಹೊಸಕಲಿಕೆ

ಟೇಪ್ ತೂತಿನ ಯಾವ ಕಡೆ ಅಂಟಿಸಬೇಕು? ತುಟಿ ಇಡುವ ಕಡೆಯೋ, ಎದುರಿನ ಕಡೆಯೋ?

ಅಡಿಕೆತೋಟ

ಎದುರಿನ ಕಡೆ. ತೂತಿನೊಳಗೆ ಇಣುಕದ ಹಾಗೆ ನೇರವಾಗಿ ಕತ್ತರಿಸಿ ಅಂಟಿಸಿ. ನೋಡಿ ಆದ ಮೇಲೆ ತೆಗೆದುಬಿಡಿ, ಅಂಟು ಉಳಿದರೆ ಅಂಚು ಕೆಡುತ್ತದೆ.